ವಿಮಾನದ ಆಸನ ಆಯ್ಕೆ: ವರ್ತಕರು ತಿಳಿದಿರಬೇಕಾದ ಲೆಕ್ಕಾಚಾರ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಉಂಡೆ ಕೊಬ್ಬರಿಗೆ ಉತ್ತರ ಭಾರತವೇ ದೊಡ್ಡ ಮಾರುಕಟ್ಟೆ. ದೆಹಲಿಯ ಖಾರಿ ಬಾವ್ಲಿಯಂತಹ ಪೇಟೆಗಳೊಡನೆ ಈ ಭಾಗದ ವರ್ತಕರಿಗೆ ವ್ಯವಹಾರದ ನಂಟಿದೆ. ಬಾಕಿ ವಸೂಲಿ, ಹೊಸ ಖರೀದಿದಾರರ ಭೇಟಿ, ನಾರಿನ ಘಟಕಗಳಿಗೆ ಬೇಕಾದ ಯಂತ್ರಗಳ ಪರಿಶೀಲನೆ ಮುಂತಾದ ಕಾರಣಗಳಿಗಾಗಿ ವರ್ತಕರೂ ಸಣ್ಣ ಉದ್ದಿಮೆದಾರರೂ ದೂರದ ಊರುಗಳಿಗೆ ಹೋಗಬೇಕಾಗುತ್ತದೆ. ರೈಲಿನಲ್ಲಿ ಎರಡು ರಾತ್ರಿ ಕಳೆಯಬೇಕಾದ ಬೆಂಗಳೂರು–ದೆಹಲಿ ಪ್ರಯಾಣ ವಿಮಾನದಲ್ಲಿ ಸುಮಾರು ಮೂರು ಗಂಟೆಯಲ್ಲಿ ಮುಗಿಯುತ್ತದೆ. ಆದ್ದರಿಂದ ವಿಮಾನದ ಟಿಕೆಟ್ ಈಗ ಅಂಗಡಿಯ ಲೆಕ್ಕಪುಸ್ತಕದಲ್ಲಿ ಆಗಾಗ ಕಾಣಿಸಿಕೊಳ್ಳುವ ಖರ್ಚಾಗಿದೆ.

ಟಿಕೆಟ್ ಕಾಯ್ದಿರಿಸುವಾಗ ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳಿರುವ ಒಂದು ನಕ್ಷೆ ಮೂಡುತ್ತದೆ. ಪ್ರತಿ ಚೌಕವೂ ಒಂದು ಆಸನ. ಹಲವು ಆಸನಗಳಿಗೆ ಪ್ರತ್ಯೇಕ ಬೆಲೆ. ಈ ಹಂತದಲ್ಲಿ ವರ್ತಕರು ಸಾಮಾನ್ಯವಾಗಿ ಎರಡು ಬಗೆಯ ತಪ್ಪು ಮಾಡುತ್ತಾರೆ. ಕೆಲವರು ಹಣ ಕೊಡುವುದು ಕಡ್ಡಾಯವೆಂದು ಭಾವಿಸಿ ಮೊದಲು ಕಂಡ ಆಸನವನ್ನು ಒತ್ತಿಬಿಡುತ್ತಾರೆ. ಇನ್ನು ಕೆಲವರು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬಾರದೆಂಬ ಹಟದಲ್ಲಿ, ನಿಜವಾಗಿ ಅಗತ್ಯವಿರುವ ಹಿರಿಯರಿಗೂ ಆಸನ ಆರಿಸದೆ ತೊಂದರೆಗೆ ಒಳಗಾಗುತ್ತಾರೆ. ಆಸನವೆಂಬುದು ಟಿಕೆಟ್ಟಿಗಿಂತ ಬೇರೆಯಾದ ಒಂದು ಖರೀದಿ. ಮಾಲು ಕೊಳ್ಳುವಾಗ ಅಗತ್ಯ, ಬೆಲೆ ಮತ್ತು ಬಿಲ್ಲು ಈ ಮೂರನ್ನೂ ನೋಡುವ ವರ್ತಕರು ಆಸನ ಕೊಳ್ಳುವಾಗಲೂ ಈ ಮೂರನ್ನೇ ನೋಡಿದರೆ ಸಾಕು. ಪ್ರಸ್ತುತ ಲೇಖನದಲ್ಲಿ ಈ ವಿಷಯವನ್ನು ಹಂತಹಂತವಾಗಿ ವಿವರಿಸಲಾಗಿದೆ.

ಹಿನ್ನೆಲೆ

ಆಸನಕ್ಕೆ ಬೆಲೆ ಕಟ್ಟುವ ಪದ್ಧತಿ ಹಳೆಯದೇನಲ್ಲ. ಭಾರತದಲ್ಲಿ ಕಡಿಮೆ ದರದ ವಿಮಾನಯಾನಕ್ಕೆ ನಾಂದಿ ಹಾಡಿದವರು ನೆರೆಯ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಹೇಮಾವತಿ ಅಣೆಕಟ್ಟಿನಿಂದ ಕುಟುಂಬದ ಜಮೀನು ಮುಳುಗಡೆಯಾದ ನಂತರ ಅವರು ಅರಸೀಕೆರೆ ತಾಲ್ಲೂಕಿನ ಜಾವಗಲ್ ಸಮೀಪ ಕೃಷಿ ಕೈಗೊಂಡರು. ಪರಿಸರಸ್ನೇಹಿ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯನ್ನೂ ಪಡೆದರು. ಅವರು ಸ್ಥಾಪಿಸಿದ ಏರ್ ಡೆಕ್ಕನ್ 2003ರ ಆಗಸ್ಟ್ ತಿಂಗಳಲ್ಲಿ ಹಾರಾಟ ಆರಂಭಿಸಿತು. ಖರ್ಚು ತಗ್ಗಿಸುವ ಉದ್ದೇಶದಿಂದ ಆ ಸಂಸ್ಥೆ ಆರಂಭದಲ್ಲಿ ಯಾರಿಗೂ ಆಸನದ ಸಂಖ್ಯೆ ಕೊಡುತ್ತಿರಲಿಲ್ಲ. ಮೊದಲು ಹತ್ತಿದವರಿಗೆ ಮೊದಲ ಆಯ್ಕೆ. ಹಳ್ಳಿಯ ಬಸ್ಸಿನಂತೆಯೇ ಖಾಲಿ ಇರುವಲ್ಲಿ ಕುಳಿತುಕೊಳ್ಳುವ ವ್ಯವಸ್ಥೆ.

ಈ ಮಾದರಿ ಅಮೆರಿಕದಿಂದ ಬಂದದ್ದು. ಅಲ್ಲಿನ ಸೌತ್‌ವೆಸ್ಟ್ ಸಂಸ್ಥೆ 1971ರಿಂದಲೂ ಮುಕ್ತ ಆಸನ ಪದ್ಧತಿಯನ್ನು ಪಾಲಿಸಿಕೊಂಡು ಬಂದಿತ್ತು. ಯುರೋಪಿನ ರಯಾನ್‌ಏರ್ 2014ರಲ್ಲಿ ಎಲ್ಲ ಪ್ರಯಾಣಿಕರಿಗೂ ನಿಗದಿತ ಆಸನ ನೀಡತೊಡಗಿತು. ಕೊನೆಗೆ ಸೌತ್‌ವೆಸ್ಟ್ ಕೂಡ 2026ರ ಜನವರಿ 27ರಿಂದ ತನ್ನ ಹಳೆಯ ಪದ್ಧತಿಯನ್ನು ಕೈಬಿಟ್ಟಿತು. ಇದಕ್ಕೆ ಕಾರಣ ಸರಳ. ಟಿಕೆಟ್ಟಿನ ಮೂಲ ದರವನ್ನು ಸ್ಪರ್ಧೆಯ ಕಾರಣದಿಂದ ಏರಿಸುವುದು ಕಷ್ಟವಾದಾಗ, ಆಸನ, ಊಟ, ಸಾಮಾನು ಮುಂತಾದವುಗಳನ್ನು ಬಿಡಿಬಿಡಿಯಾಗಿ ಮಾರುವುದು ಸಂಸ್ಥೆಗಳಿಗೆ ಲಾಭದಾಯಕ. ಒಂದೇ ರಾಶಿಯ ಕೊಬ್ಬರಿಯನ್ನು ಗಾತ್ರ, ಬಣ್ಣ ನೋಡಿ ವಿಂಗಡಿಸಿ ಬೇರೆ ಬೇರೆ ದರಕ್ಕೆ ಮಾರುವ ವರ್ತಕರಿಗೆ ಈ ತಂತ್ರ ಹೊಸದೇನಲ್ಲ.

ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2013ರಲ್ಲಿ ಆಯ್ದ ಆಸನವೂ ಸೇರಿದಂತೆ ಕೆಲವು ಸೇವೆಗಳಿಗೆ ಪ್ರತ್ಯೇಕ ಶುಲ್ಕ ಪಡೆಯಲು ಅವಕಾಶ ನೀಡಿತು. ಆದರೆ ಇಂತಹ ಸೇವೆಗಳು ಪ್ರಯಾಣಿಕರು ತಾವಾಗಿ ಇಚ್ಛಿಸಿದರೆ ಮಾತ್ರ ಪಡೆಯತಕ್ಕವು, ಕಡ್ಡಾಯವಲ್ಲ. 2018ರ ನವೆಂಬರ್‌ನಲ್ಲಿ ಮುಂಗಡ ಆಸನ ಶುಲ್ಕದ ಬಗ್ಗೆ ದೇಶದಾದ್ಯಂತ ಆಕ್ಷೇಪ ಕೇಳಿಬಂದಾಗ, ಈ ಶುಲ್ಕಗಳನ್ನು ಪರಿಶೀಲಿಸುವುದಾಗಿ ಕೇಂದ್ರ ಸಚಿವಾಲಯವೂ ಹೇಳಿತ್ತು. ಆಸನ ಆರಿಸದೆ ಟಿಕೆಟ್ ಕೊಂಡವರಿಗೂ ಒಂದು ಆಸನ ಸಿಕ್ಕೇ ಸಿಗುತ್ತದೆ; ಅದು ಯಾವುದೆಂಬುದನ್ನು ಸಂಸ್ಥೆ ನಿರ್ಧರಿಸುತ್ತದೆ, ಅಷ್ಟೇ. ಈ ಒಂದು ಅಂಶವನ್ನು ಮನದಟ್ಟು ಮಾಡಿಕೊಂಡರೆ ಅರ್ಧ ಗೊಂದಲ ಪರಿಹಾರವಾದಂತೆ.

ನಕ್ಷೆಯನ್ನು ಓದುವ ಬಗೆ

ದೇಶದೊಳಗಿನ ದೊಡ್ಡ ಮಾರ್ಗಗಳಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ ಎ320 ಹಾಗೂ ಬೋಯಿಂಗ್ 737 ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ನಡುವೆ ಒಂದೇ ದಾರಿ, ಅದರ ಎಡಕ್ಕೆ ಮೂರು, ಬಲಕ್ಕೆ ಮೂರು ಆಸನಗಳಿರುತ್ತವೆ. ಎ ಮತ್ತು ಎಫ್ ಕಿಟಕಿಯ ಪಕ್ಕದವು. ಬಿ ಮತ್ತು ಇ ಮಧ್ಯದವು. ಸಿ ಮತ್ತು ಡಿ ನಡುದಾರಿಯ ಪಕ್ಕದವು. ಸಂಖ್ಯೆಯು ಸಾಲನ್ನು ಸೂಚಿಸುತ್ತದೆ; ಸಣ್ಣ ಸಂಖ್ಯೆ ಮುಂಭಾಗಕ್ಕೂ ದೊಡ್ಡ ಸಂಖ್ಯೆ ಹಿಂಭಾಗಕ್ಕೂ ಸೇರಿದ್ದು. ಸಣ್ಣ ಪಟ್ಟಣಗಳಿಗೆ ಹಾರುವ ಎಟಿಆರ್ 72 ವಿಮಾನದಲ್ಲಿ ಎರಡೂ ಬದಿಗೆ ಎರಡೆರಡೇ ಆಸನ. ಆದ್ದರಿಂದ ಅದರಲ್ಲಿ ಮಧ್ಯದ ಆಸನವೆಂಬುದೇ ಇಲ್ಲ. ಜೊತೆಗೆ ಅದರಲ್ಲಿ ಪ್ರಯಾಣಿಕರು ಹತ್ತಿ ಇಳಿಯುವ ಬಾಗಿಲು ಹಿಂಬದಿಯಲ್ಲಿರುತ್ತದೆ. ಬೇಗ ಇಳಿಯಬೇಕೆಂದು ಮುಂದಿನ ಸಾಲಿಗೆ ಹೆಚ್ಚಿನ ಹಣ ಕೊಟ್ಟವರು ಈ ವಿಮಾನದಲ್ಲಿ ಎಲ್ಲರಿಗಿಂತ ಕೊನೆಗೆ ಇಳಿಯಬೇಕಾಗುತ್ತದೆ. ಆಸನ ಆರಿಸುವ ಮೊದಲು ವಿಮಾನದ ಮಾದರಿಯನ್ನು ನೋಡಿಕೊಳ್ಳಬೇಕೆಂಬುದಕ್ಕೆ ಇದೊಂದು ನಿದರ್ಶನ.

ನಕ್ಷೆಯಲ್ಲಿ ಗಮನಿಸಬೇಕಾದ ಇತರ ಅಂಶಗಳು ಹೀಗಿವೆ:

1. ಮೊಟ್ಟಮೊದಲ ಸಾಲು: ಕಾಲು ಚಾಚಲು ಸ್ಥಳ ಹೆಚ್ಚು. ಆದರೆ ಮುಂದೆ ಬೇರೆ ಆಸನವಿಲ್ಲದ ಕಾರಣ ಕೈಚೀಲವನ್ನು ಕಾಲಬಳಿ ಇಟ್ಟುಕೊಳ್ಳುವಂತಿಲ್ಲ. ವಿಮಾನ ಏರುವಾಗ ಮತ್ತು ಇಳಿಯುವಾಗ ಅದನ್ನು ಮೇಲಿನ ಗೂಡಿನಲ್ಲಿಯೇ ಇಡಬೇಕು.

2. ತುರ್ತು ನಿರ್ಗಮನದ ಸಾಲು: ಸಾಮಾನ್ಯವಾಗಿ ರೆಕ್ಕೆಯ ಬಳಿ ಇರುತ್ತದೆ. ಇಲ್ಲಿಯೂ ಕಾಲಿಗೆ ಸ್ಥಳ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಅಪಾಯದ ಸಂದರ್ಭದಲ್ಲಿ ಬಾಗಿಲು ತೆರೆಯಲು ನೆರವಾಗುವ ಹೊಣೆ ಇಲ್ಲಿ ಕುಳಿತವರದು. ಮಕ್ಕಳು, ಗರ್ಭಿಣಿಯರು, ಕೂಸು ಎತ್ತಿಕೊಂಡವರು, ಇತರರ ಸಹಾಯವಿಲ್ಲದೆ ಓಡಾಡಲಾರದವರು ಇಲ್ಲಿ ಕೂರುವಂತಿಲ್ಲ. ಮೊಣಕಾಲು ನೋವಿರುವ ಹಿರಿಯರಿಗೆ ಅನುಕೂಲವಾಗಲೆಂದು ಈ ಸಾಲನ್ನು ಕೊಂಡರೆ ಸಿಬ್ಬಂದಿ ಅವರನ್ನು ಬೇರೆಡೆಗೆ ಕಳುಹಿಸುವ ಸಂಭವವಿದೆ.

3. ತುರ್ತು ಸಾಲಿನ ಮುಂದಿನ ಸಾಲು ಮತ್ತು ಕೊನೆಯ ಸಾಲು: ಇವುಗಳ ಬೆನ್ನೊರಗು ಅನೇಕ ವಿಮಾನಗಳಲ್ಲಿ ಹಿಂದಕ್ಕೆ ಬಾಗುವುದಿಲ್ಲ. ಕೊನೆಯ ಸಾಲಿನ ಬಳಿ ಶೌಚಾಲಯವಿರುವುದರಿಂದ ಜನರ ಓಡಾಟವೂ ಇರುತ್ತದೆ.

4. ರೆಕ್ಕೆಯ ನೇರದ ಸಾಲುಗಳು: ಗಾಳಿಯ ಹೊಯ್ದಾಟ ಇಲ್ಲಿ ತುಸು ಕಡಿಮೆ, ಹಿಂಭಾಗದಲ್ಲಿ ಹೆಚ್ಚು. ತಲೆಸುತ್ತು, ವಾಕರಿಕೆ ಇರುವವರಿಗೆ ಇದು ಒಳ್ಳೆಯದು. ಆದರೆ ಕಿಟಕಿಯಿಂದ ರೆಕ್ಕೆಯಷ್ಟೇ ಕಾಣುತ್ತದೆ.

5. ಬಿಸಿಲಿನ ದಿಕ್ಕು: ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ ವಿಮಾನದ ಮುಖ ಉತ್ತರಕ್ಕೆ. ಬೆಳಗಿನ ವಿಮಾನದಲ್ಲಿ ಬಲಬದಿಯ ಕಿಟಕಿಗೂ ಸಂಜೆಯ ವಿಮಾನದಲ್ಲಿ ಎಡಬದಿಯ ಕಿಟಕಿಗೂ ಬಿಸಿಲು ಬೀಳುತ್ತದೆ. ಹಿಂದಿರುಗುವಾಗ ಇದು ಅದಲುಬದಲು.

ಯಾರಿಗೆ ಯಾವ ಆಸನ?

ಉದಾಹರಣೆಗಾಗಿ ದಬ್ಬೇಘಟ್ಟ ಹೋಬಳಿಯ ಒಂದು ಪಾಲುದಾರಿಕೆ ಸಂಸ್ಥೆಯನ್ನು ಕಲ್ಪಿಸಿಕೊಳ್ಳಬಹುದು. ಹಿರಿಯ ಪಾಲುದಾರರಿಗೆ ಅರವತ್ತೆಂಟು ವರ್ಷ, ಸಕ್ಕರೆ ಕಾಯಿಲೆ. ಕಿರಿಯ ಪಾಲುದಾರರು ಅವರ ತಮ್ಮನ ಮಗ. ಬಾಕಿ ವಸೂಲಿಗಾಗಿ ಇಬ್ಬರೂ ದೆಹಲಿಗೆ ಹೋಗಬೇಕಾಗಿದೆ. ದಬ್ಬೇಘಟ್ಟದಿಂದ ತುರುವೇಕೆರೆ, ತುಮಕೂರು ಹಾದು, ದಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೂಲಕ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ತಲುಪುವಷ್ಟರಲ್ಲಿಯೇ ಕಾರಿನಲ್ಲಿ ಹಲವು ಗಂಟೆ ಕುಳಿತಿರಬೇಕಾಗುತ್ತದೆ. ಅದಾದ ಮೇಲೆ ವಿಮಾನದಲ್ಲಿ ಸುಮಾರು ಮೂರು ಗಂಟೆ.

ಸಕ್ಕರೆ ಕಾಯಿಲೆಯ ಹಿರಿಯರು ಪದೇ ಪದೇ ಶೌಚಾಲಯಕ್ಕೆ ಏಳಬೇಕಾಗಬಹುದು. ಅವರನ್ನು ಮಧ್ಯದ ಅಥವಾ ಕಿಟಕಿಯ ಆಸನದಲ್ಲಿ ಕೂರಿಸಿದರೆ ಪ್ರತಿಸಲವೂ ಅಪರಿಚಿತರನ್ನು ಎಬ್ಬಿಸಬೇಕು. ಅನೇಕ ಹಿರಿಯರು ಸಂಕೋಚದಿಂದ ಏಳದೆಯೇ ಕುಳಿತುಬಿಡುತ್ತಾರೆ. ಕೆಲವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದು ಆರೋಗ್ಯಕ್ಕೆ ಹಾನಿಕರ. ದಣಿದು ತಲುಪಿದವರು ಮಾತುಕತೆಯಲ್ಲಿ ಗಟ್ಟಿಯಾಗಿ ನಿಲ್ಲುವುದೂ ಕಷ್ಟ. ಇಂತಹವರಿಗೆ ನಡುದಾರಿಯ ಪಕ್ಕದ ಆಸನಕ್ಕೆ ಕೊಡುವ ಹಣ ದುಂದುವೆಚ್ಚವಲ್ಲ, ಅಗತ್ಯ ಖರ್ಚು. ಕಿರಿಯ ಪಾಲುದಾರರಿಗಾದರೋ ಯಾವ ಆಸನವಾದರೂ ನಡೆಯುತ್ತದೆ. ಅವರಿಗೆ ಹಣ ಕೊಡುವ ಅವಶ್ಯಕತೆಯಿಲ್ಲ. ಹೀಗೆ ಒಂದೇ ಪ್ರಯಾಣದಲ್ಲಿ ಒಬ್ಬರಿಗೆ ಕೊಂಡು, ಇನ್ನೊಬ್ಬರಿಗೆ ಬಿಟ್ಟುಬಿಡುವುದು ಸೂಕ್ತ ನಿರ್ಧಾರ.

ಗಾಲಿಕುರ್ಚಿಯ ಅಗತ್ಯವಿದ್ದರೆ ಟಿಕೆಟ್ ಕಾಯ್ದಿರಿಸುವಾಗಲೇ, ತಪ್ಪಿದಲ್ಲಿ ಹೊರಡುವುದಕ್ಕೆ 48 ಗಂಟೆ ಮೊದಲಾದರೂ ತಿಳಿಸುವುದು ಒಳಿತು. ಒಬ್ಬಂಟಿಯಾಗಿ ಪ್ರಯಾಣಿಸುವ ಮಹಿಳಾ ಉದ್ಯಮಿಗಳ ಅನುಕೂಲಕ್ಕಾಗಿ, ಇತರ ಮಹಿಳೆಯರು ಕಾಯ್ದಿರಿಸಿದ ಆಸನಗಳನ್ನು ನಕ್ಷೆಯಲ್ಲಿ ತೋರಿಸುವ ವ್ಯವಸ್ಥೆಯನ್ನು ಇಂಡಿಗೋ ಸಂಸ್ಥೆ 2024ರಲ್ಲಿ ಪರಿಚಯಿಸಿತು.

ವಿದೇಶ ಪ್ರಯಾಣದ ಮಾತು ಬೇರೆ. ನಾರಿನ ಉತ್ಪನ್ನಗಳ ರಫ್ತುದಾರರು, ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳು ಹತ್ತು–ಹದಿನೈದು ಗಂಟೆ ಕುಳಿತಿರಬೇಕಾಗುತ್ತದೆ. ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಅಲುಗಾಡದೆ ಕುಳಿತು ಪ್ರಯಾಣಿಸಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ಅಧ್ಯಯನ ತಿಳಿಸಿದೆ. ಆರೋಗ್ಯವಂತರಲ್ಲಿ ಈ ಸಂಭವ ಸುಮಾರು 6,000ಕ್ಕೆ ಒಂದರಷ್ಟು ಮಾತ್ರ, ಹೆದರುವ ಕಾರಣವಿಲ್ಲ. ಆದರೆ ಆಗಾಗ ಎದ್ದು ನಡೆದಾಡಲು ನಡುದಾರಿಯ ಆಸನವೇ ಅನುಕೂಲ. ದೆಹಲಿ, ಮುಂಬಯಿಯಂತಹ ಪ್ರಯಾಣಗಳಲ್ಲಿ ಈ ಕಾರಣಕ್ಕಾಗಿ ಹಣ ತೆರಬೇಕಾಗಿಲ್ಲ.

ಹಣ ಕೊಡುವುದು ಯಾವಾಗ ಸಮಂಜಸ?

ಮುಂದಿನ ಸಾಲುಗಳಿಗೆ ಹೆಚ್ಚಿನ ಬೆಲೆಯಿರುವುದು ಬೇಗ ಇಳಿಯಬಹುದೆಂಬ ಕಾರಣಕ್ಕೆ. ಇದರಿಂದ ಉಳಿಯುವುದು ಕೆಲವು ನಿಮಿಷಗಳು. ಆದರೆ ಸಾಮಾನನ್ನು ವಿಮಾನದ ಹೊಟ್ಟೆಗೆ ಹಾಕಿದವರು ಹೇಗೂ ಸಾಮಾನಿನ ಪಟ್ಟಿಯ ಬಳಿ ನಿಂತು ಕಾಯಲೇಬೇಕು. ಮುಂದಿನ ಸಾಲಿನವರೂ ಹಿಂದಿನ ಸಾಲಿನವರೂ ಅಲ್ಲಿ ಒಟ್ಟಿಗೇ ಕಾಯುತ್ತಾರೆ. ಕೊಟ್ಟ ಹಣ ವ್ಯರ್ಥ. ಕೈಚೀಲ ಮಾತ್ರ ಒಯ್ಯುವವರಿಗೆ, ಅದರಲ್ಲಿಯೂ ರಾತ್ರಿ ಬೆಂಗಳೂರಿಗೆ ಬಂದು ತಿಪಟೂರಿನ ಕಡೆಯ ರೈಲನ್ನೋ ಬಸ್ಸನ್ನೋ ಹಿಡಿಯಬೇಕಾದವರಿಗೆ ಮಾತ್ರ ಈ ನಿಮಿಷಗಳಿಗೆ ಬೆಲೆಯುಂಟು.

ಇನ್ನೊಂದು ಮುಖ್ಯ ವಿಷಯ, ಟಿಕೆಟ್ಟಿನ ದರಗಳನ್ನು ಹೋಲಿಸುವ ಕ್ರಮ. ಕೆಳಗಿನ ಲೆಕ್ಕ ಕೇವಲ ಉದಾಹರಣೆಗಾಗಿ ಕಲ್ಪಿಸಿದ್ದು.

ಮೊದಲ ಸಂಸ್ಥೆ: ಟಿಕೆಟ್ ದರ ರೂ. 5,400, ಆಸನಕ್ಕೆ ರೂ. 400, ಊಟಕ್ಕೆ ರೂ. 400, ಕಾಯ್ದಿರಿಸುವ ಶುಲ್ಕ ರೂ. 300. ಒಟ್ಟು ರೂ. 6,500.

ಎರಡನೆಯ ಸಂಸ್ಥೆ: ಊಟ ಮತ್ತು ಆಸನ ಸೇರಿ ಟಿಕೆಟ್ ದರ ರೂ. 6,100; ಕಾಯ್ದಿರಿಸುವ ಶುಲ್ಕ ರೂ. 300. ಒಟ್ಟು ರೂ. 6,400.

ಮೊದಲ ಪುಟದಲ್ಲಿ ಕಾಣುವುದು 5,400 ಮತ್ತು 6,100 ಎಂಬ ಎರಡು ಅಂಕಿಗಳು ಮಾತ್ರ. ಮೊದಲ ಸಂಸ್ಥೆಯನ್ನು ಆರಿಸಿದವರು ರೂ. 700 ಉಳಿಸಿದೆವೆಂದು ಭಾವಿಸುತ್ತಾರೆ. ಆಸನವೂ ಊಟವೂ ಬೇಕಾದವರಿಗೆ ವಾಸ್ತವದಲ್ಲಿ ರೂ. 100 ನಷ್ಟ. ಇಬ್ಬರು ಹೋಗಿಬರುವ ನಾಲ್ಕು ಪ್ರಯಾಣಗಳಿಗೆ ಲೆಕ್ಕ ಹಾಕಿದರೆ ರೂ. 2,800 ಉಳಿತಾಯವೆಂದು ಕಂಡದ್ದು ರೂ. 400 ಹೆಚ್ಚಿನ ಖರ್ಚಾಗಿರುತ್ತದೆ. ಅದೇ ಇಬ್ಬರಿಗೂ ಆಸನ, ಊಟ ಬೇಡವೆಂದಾದರೆ ಮೊದಲ ಸಂಸ್ಥೆಯೇ ಅಗ್ಗ. ಆದ್ದರಿಂದ ಏನು ಬೇಕು, ಏನು ಬೇಡ ಎಂಬುದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು, ಹಣ ಕಟ್ಟುವ ಕೊನೆಯ ಪುಟದ ಮೊತ್ತಗಳನ್ನೇ ಹೋಲಿಸತಕ್ಕದ್ದು.

ಕೇಳದೆಯೇ ಬುಟ್ಟಿಗೆ ಸೇವೆಯನ್ನು ಸೇರಿಸುವುದು, ಬೆಲೆಯನ್ನು ಹನಿಹನಿಯಾಗಿ ಬಹಿರಂಗಪಡಿಸುವುದು ಮುಂತಾದ 13 ಬಗೆಯ ವಂಚಕ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಗಳಲ್ಲಿ ನಿಷೇಧಿಸಿದೆ. ಆದಾಗ್ಯೂ ಪ್ರತಿ ಪುಟದಲ್ಲಿಯೂ ‘ಆಸನ ಬೇಡ, ಮುಂದುವರಿಯಿರಿ’ ಎಂಬರ್ಥದ ಗುಂಡಿ ಎಲ್ಲಿದೆಯೆಂದು ಹುಡುಕುವ ತಾಳ್ಮೆ ಕೊಳ್ಳುವವರಿಗಿರಬೇಕು. ಅದು ಸಾಮಾನ್ಯವಾಗಿ ಸಣ್ಣ ಅಕ್ಷರಗಳಲ್ಲಿರುತ್ತದೆ.

ಹಣ ಕೊಡದೆ ಒಳ್ಳೆಯ ಆಸನ ಪಡೆಯುವ ಮಾರ್ಗವೂ ಇದೆ. ಹೊರಡುವುದಕ್ಕೆ ಸಾಮಾನ್ಯವಾಗಿ 48 ಗಂಟೆ ಮೊದಲು ಅಂತರ್ಜಾಲದಲ್ಲಿ ಚೆಕ್-ಇನ್ ತೆರೆಯುತ್ತದೆ. ಈ ಅವಧಿ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗಬಹುದು. ತೆರೆದ ಕೂಡಲೇ ನೋಡಿದವರಿಗೆ ಶುಲ್ಕವಿಲ್ಲದ ಆಸನಗಳಲ್ಲಿ ಆಯ್ಕೆಯ ಅವಕಾಶ ಹೆಚ್ಚು. ವಿಮಾನ ನಿಲ್ದಾಣದ ಕೌಂಟರಿನಲ್ಲಿ, ಖಾಲಿಯಿದ್ದರೆ ನಡುದಾರಿಯ ಆಸನ ಕೊಡಿರೆಂದು ವಿನಯದಿಂದ ಕೇಳಿದರೂ ಕೆಲವೊಮ್ಮೆ ದೊರೆಯುತ್ತದೆ; ಆದರೆ ಅದನ್ನೇ ನಂಬಿ ಕೂರುವಂತಿಲ್ಲ.

ಜಿ.ಎಸ್.ಟಿ. ಮತ್ತು ಲೆಕ್ಕಪುಸ್ತಕ

ಸಾಮಾನ್ಯ ದರ್ಜೆಯ ವಿಮಾನ ಪ್ರಯಾಣಕ್ಕೆ ಶೇ. 5 ಸರಕು ಮತ್ತು ಸೇವಾ ತೆರಿಗೆ ಇದೆ. ಇತರ ದರ್ಜೆಗಳಿಗೆ ಇದ್ದ ಶೇ. 12 ದರವು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಏರಿದೆ. ವ್ಯಾಪಾರದ ಉದ್ದೇಶದ ಪ್ರಯಾಣವಾಗಿದ್ದರೆ, ನೋಂದಾಯಿತ ವರ್ತಕರು ಈ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಪಡೆಯಬಹುದು. ಆದರೆ ಬಹಳಷ್ಟು ಸಣ್ಣ ಸಂಸ್ಥೆಗಳು ಇದನ್ನು ಕಳೆದುಕೊಳ್ಳುತ್ತವೆ. ಕಾರಣಗಳು ಈ ಕೆಳಗಿನಂತಿವೆ.

(ಅ) ನೋಂದಣಿ ಸಂಖ್ಯೆ ಕೊಡದಿರುವುದು: ಟಿಕೆಟ್ ಕಾಯ್ದಿರಿಸುವಾಗಲೇ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ಮತ್ತು ಹೆಸರನ್ನು ನಮೂದಿಸಬೇಕು. ನೋಂದಾಯಿತ ವ್ಯಕ್ತಿಗೆ ನೀಡುವ ಪ್ರಯಾಣ ಸೇವೆಯ ಪೂರೈಕೆ ಸ್ಥಳ ಆ ವ್ಯಕ್ತಿಯ ಸ್ಥಳವೇ ಆಗಿರುತ್ತದೆ. ಸಂಖ್ಯೆ ಕೊಡದಿದ್ದರೆ ಪ್ರಯಾಣಿಕರು ವಿಮಾನ ಹತ್ತಿದ ಸ್ಥಳ. ಸಂಖ್ಯೆಯಿಲ್ಲದ ಬಿಲ್ಲಿನಲ್ಲಿನ ತೆರಿಗೆ ವರ್ತಕರ ಜಿ.ಎಸ್.ಟಿ.ಆರ್. 2ಬಿ ಪಟ್ಟಿಯಲ್ಲಿ ಬರುವುದಿಲ್ಲ. 2022ರ ಜನವರಿ 1ರಿಂದ, ಪೂರೈಕೆದಾರರು ವಿವರ ಸಲ್ಲಿಸಿ ಅದು ವರ್ತಕರ ಪಟ್ಟಿಗೆ ಬಂದಲ್ಲಿ ಮಾತ್ರ ಜಮೆ ದೊರೆಯುತ್ತದೆ.

(ಆ) ಆಸನದ ಬಿಲ್ಲು ತಪ್ಪಿಹೋಗುವುದು: ಟಿಕೆಟ್ಟನ್ನು ಸಂಸ್ಥೆಯ ಬ್ಯಾಂಕ್ ಖಾತೆಯಿಂದ ಕೊಂಡಿರುತ್ತಾರೆ. ಎರಡು ದಿನಗಳ ನಂತರ ಆಸನವನ್ನು ಮಗನ ಮೊಬೈಲಿನಿಂದ, ಅವನ ಸ್ವಂತ ಖಾತೆಯ ಯು.ಪಿ.ಐ. ಮೂಲಕ ಕೊಳ್ಳುತ್ತಾರೆ. ಆ ಖರ್ಚು ಸಂಸ್ಥೆಯ ಪುಸ್ತಕಕ್ಕೆ ಬರುವುದೇ ಇಲ್ಲ. ಆಸನವನ್ನು ಕೊಳ್ಳುವುದಾದರೆ ಟಿಕೆಟ್ಟಿನ ಜೊತೆಗೇ ಕೊಳ್ಳುವುದು, ಇಲ್ಲವೇ ಅದರ ತೆರಿಗೆ ಬಿಲ್ಲನ್ನು ಬೇರೆಯಾಗಿ ತರಿಸಿಕೊಳ್ಳುವುದು ಅವಶ್ಯ.

(ಇ) ಏಜೆಂಟರ ಬಿಲ್ಲನ್ನೇ ಟಿಕೆಟ್ಟಿನ ಬಿಲ್ಲೆಂದು ತಿಳಿಯುವುದು: ಏಜೆಂಟರ ಬಿಲ್ಲು ಸಾಮಾನ್ಯವಾಗಿ ಅವರ ಸೇವಾ ಶುಲ್ಕಕ್ಕೆ ಸಂಬಂಧಿಸಿದ್ದು. ಟಿಕೆಟ್ಟಿನ ತೆರಿಗೆ ಬಿಲ್ಲನ್ನು ವಿಮಾನಯಾನ ಸಂಸ್ಥೆ ನೀಡುತ್ತದೆ. ಎರಡನ್ನೂ ಕೇಳಿ ಪಡೆಯಬೇಕು.

(ಈ) ರದ್ದಾದ ಟಿಕೆಟ್: ಟಿಕೆಟ್ ರದ್ದಾಗಿ ಕ್ರೆಡಿಟ್ ನೋಟ್ ಬಂದರೆ, ಪಡೆದಿದ್ದ ಜಮೆಯನ್ನು ಅಷ್ಟರ ಮಟ್ಟಿಗೆ ಹಿಂತಿರುಗಿಸಬೇಕು. ವರ್ತಕರೇ ರದ್ದು ಮಾಡಿದ ಟಿಕೆಟ್ಟಿನ ಆಸನ ಶುಲ್ಕ ಹಿಂತಿರುಗುತ್ತದೆಯೇ ಎಂಬುದನ್ನು ಷರತ್ತುಗಳಲ್ಲಿ ಮೊದಲೇ ಓದಿಕೊಳ್ಳಬೇಕು. ಹೋಗುವುದು ಖಚಿತವಿಲ್ಲದ ಪ್ರಯಾಣಕ್ಕೆ ಮುಂಗಡವಾಗಿ ಆಸನ ಕೊಳ್ಳದಿರುವುದು ಲೇಸು.

ಈ ಮೊತ್ತ ಚಿಕ್ಕದೆಂದು ಉದಾಸೀನ ಮಾಡುವವರಿದ್ದಾರೆ. ತೆರಿಗೆಗೊಳಪಡುವ ಮೌಲ್ಯ ರೂ. 5,400 ಇದ್ದರೆ ತೆರಿಗೆ ರೂ. 270. ಪಾಲುದಾರರೂ ಗುಮಾಸ್ತರೂ ಸೇರಿ ವರ್ಷಕ್ಕೆ 24 ಪ್ರಯಾಣ ಮಾಡುವ ಸಂಸ್ಥೆಗೆ ಇದು ರೂ. 6,480 ಆಗುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಕೊಬ್ಬರಿ ತೆರಿಗೆಗೊಳಪಟ್ಟ ಸರಕು, ತೆಂಗಿನಕಾಯಿಗೆ ತೆರಿಗೆಯಿಲ್ಲ. ಎರಡನ್ನೂ ಮಾರುವ ವರ್ತಕರು ಸಾಮಾನ್ಯ ಖರ್ಚುಗಳ ಮೇಲಿನ ಜಮೆಯನ್ನು ವಹಿವಾಟಿನ ಪ್ರಮಾಣಕ್ಕನುಗುಣವಾಗಿ ಮಾತ್ರ ಪಡೆಯತಕ್ಕದ್ದು. ವಹಿವಾಟಿನ ಶೇ. 60 ಭಾಗ ಕೊಬ್ಬರಿ, ಶೇ. 40 ಭಾಗ ತೆಂಗಿನಕಾಯಿ ಇದ್ದರೆ, ಮೇಲಿನ ರೂ. 6,480ರಲ್ಲಿ ದೊರೆಯುವುದು ರೂ. 3,888. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ಇಲ್ಲ. ಒಂದು ಹಣಕಾಸು ವರ್ಷದ ಬಿಲ್ಲಿನ ಜಮೆಯನ್ನು ಮುಂದಿನ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅದರೊಳಗೆ ಪಡೆಯಬೇಕು.

ಆದಾಯ ತೆರಿಗೆಯ ದೃಷ್ಟಿಯಿಂದಲೂ ಪ್ರಯಾಣವು ಸಂಪೂರ್ಣವಾಗಿ ವ್ಯಾಪಾರದ ಸಲುವಾಗಿಯೇ ನಡೆದಿರಬೇಕು. ಜೊತೆಯಲ್ಲಿ ಹೋದ ಮನೆಯವರ ಟಿಕೆಟ್ ಮತ್ತು ಆಸನದ ಖರ್ಚನ್ನು ಮಾಲೀಕರ ಅಥವಾ ಪಾಲುದಾರರ ಸ್ವಂತ ಖಾತೆಗೆ ಖರ್ಚು ಬರೆಯಬೇಕು, ಅದಕ್ಕೆ ಜಿ.ಎಸ್.ಟಿ. ಜಮೆಯೂ ಸಲ್ಲದು. ಒಬ್ಬ ಏಜೆಂಟರಿಗೆ ಒಂದೇ ದಿನ ರೂ. 10,000 ಮೀರಿ ನಗದು ಕೊಟ್ಟರೆ ಆ ಖರ್ಚು ಅಮಾನ್ಯವಾಗುವ ಅಪಾಯವಿದೆ. ಬಿಲ್ಲು, ಬೋರ್ಡಿಂಗ್ ಪಾಸ್ ಹಾಗೂ ಭೇಟಿಯ ಉದ್ದೇಶ ತಿಳಿಸುವ ಒಂದು ಸಾಲಿನ ಟಿಪ್ಪಣಿ, ಈ ಮೂರನ್ನೂ ಒಂದೇ ಕಡತದಲ್ಲಿ ಇಡುವ ಅಭ್ಯಾಸ ಒಳ್ಳೆಯದು.

ಪ್ರಯಾಣಿಕರ ಹಕ್ಕುಗಳು

ಮಕ್ಕಳೊಡನೆ ಹೋಗುವವರು ಒಟ್ಟಿಗೆ ಕೂರುವುದಕ್ಕಾಗಿ ಎಲ್ಲ ಆಸನಗಳಿಗೂ ಹಣ ಕೊಡುವುದುಂಟು. ಒಂದೇ ಟಿಕೆಟ್ ಸಂಖ್ಯೆಯಲ್ಲಿ ಪ್ರಯಾಣಿಸುವ 12 ವರ್ಷದವರೆಗಿನ ಮಕ್ಕಳಿಗೆ ತಂದೆತಾಯಿಗಳಲ್ಲಿ ಅಥವಾ ಪೋಷಕರಲ್ಲಿ ಕನಿಷ್ಠ ಒಬ್ಬರ ಪಕ್ಕದಲ್ಲಿ ಆಸನ ಕೊಡಬೇಕೆಂದು ಮಹಾನಿರ್ದೇಶನಾಲಯವು 2024ರ ಏಪ್ರಿಲ್‌ನಲ್ಲಿ ನಿರ್ದೇಶಿಸಿದೆ. ಮಕ್ಕಳ ಮತ್ತು ದೊಡ್ಡವರ ಟಿಕೆಟ್ಟುಗಳನ್ನು ಬೇರೆ ಬೇರೆಯಾಗಿ ಕೊಂಡವರಿಗೆ ಈ ಅನುಕೂಲ ತಪ್ಪುತ್ತದೆ.

ಮೇಲಿನ ದರ್ಜೆಯ ಟಿಕೆಟ್ ಕೊಂಡವರನ್ನು ಸಂಸ್ಥೆಯೇ ಕೆಳಗಿನ ದರ್ಜೆಗೆ ಇಳಿಸಿದರೆ, ದೇಶದೊಳಗಿನ ಪ್ರಯಾಣದಲ್ಲಿ ತೆರಿಗೆಯೂ ಸೇರಿದಂತೆ ಟಿಕೆಟ್ ಮೊತ್ತದ ಶೇ. 75 ಭಾಗವನ್ನು ಹಿಂತಿರುಗಿಸಬೇಕೆಂಬ ನಿಯಮ 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ಒಂದೇ ದರ್ಜೆಯೊಳಗೆ ಆಸನ ಬದಲಾದರೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಹಣ ಕೊಟ್ಟು ಪಡೆದ ಆಸನ ದೊರೆಯದಿದ್ದಲ್ಲಿ, ಬಿಲ್ಲು ಮತ್ತು ಬೋರ್ಡಿಂಗ್ ಪಾಸಿನ ಪ್ರತಿಗಳೊಡನೆ ಸಂಸ್ಥೆಯಿಂದ ಆಸನ ಶುಲ್ಕವನ್ನು ಲಿಖಿತವಾಗಿ ಕೇಳಬೇಕು. ಪರಿಹಾರ ದೊರೆಯದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ತಾಣದಲ್ಲಿ ದೂರು ದಾಖಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಕೊಬ್ಬರಿ ಮಾದರಿಯ ಬಗ್ಗೆ ಒಂದು ಎಚ್ಚರಿಕೆ

ಕೈಚೀಲವೊಂದನ್ನೇ ಒಯ್ದು ಮುಂದಿನ ಸಾಲಿನಿಂದ ಬೇಗ ಇಳಿಯುವ ಯೋಜನೆ ಹಾಕುವ ಈ ಭಾಗದ ವರ್ತಕರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚಿರುವುದರಿಂದ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುವೆಂದು ಪರಿಗಣಿತವಾಗಿದೆ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಯ ಸಂಖ್ಯೆ 1363, ವರ್ಗ 4.2. ಆದ್ದರಿಂದ ಖರೀದಿದಾರರಿಗೆ ತೋರಿಸಲೆಂದು ನಾಲ್ಕು ಉಂಡೆ ಕೊಬ್ಬರಿಯನ್ನು ಚೀಲದಲ್ಲಿಟ್ಟುಕೊಂಡು ಹೋದರೆ ಭದ್ರತಾ ತಪಾಸಣೆಯಲ್ಲಿ ತಡೆಯುತ್ತಾರೆ. ಶಬರಿಮಲೆ ಯಾತ್ರಿಕರ ಇರುಮುಡಿಯ ತೆಂಗಿನಕಾಯಿಗೂ 2022ರ ನವೆಂಬರ್‌ನಲ್ಲಿ ವಿಶೇಷ ಅನುಮತಿ ನೀಡಬೇಕಾಯಿತೆಂಬುದನ್ನು ನೆನೆದರೆ ನಿಯಮದ ಬಿಗಿ ಅರ್ಥವಾಗುತ್ತದೆ. ಮಾದರಿಯನ್ನು ಲಾರಿ ಪಾರ್ಸೆಲ್ ಮೂಲಕ ನಾಲ್ಕಾರು ದಿನ ಮುಂಚಿತವಾಗಿ ಕಳುಹಿಸುವುದೇ ಸರಿಯಾದ ಕ್ರಮ.

ನೆನಪಿಡಬೇಕಾದ ಅಂಶಗಳು

1. ಆಸನಕ್ಕೆ ಹಣ ಕೊಡುವುದು ಕಡ್ಡಾಯವಲ್ಲ. ಕೊಡದವರಿಗೂ ಆಸನ ಉಂಟು.
2. ವಿಮಾನದ ಮಾದರಿ ನೋಡಿದ ನಂತರವೇ ಸಾಲನ್ನು ಆರಿಸಬೇಕು.
3. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ದೀರ್ಘ ಪ್ರಯಾಣ ಮಾಡುವವರು ನಡುದಾರಿಯ ಆಸನಕ್ಕೆ ಹಣ ಕೊಡುವುದು ಯೋಗ್ಯ.
4. ದೊಡ್ಡ ಸಾಮಾನು ಒಯ್ಯುವವರು ಬೇಗ ಇಳಿಯಲೆಂದು ಮುಂದಿನ ಸಾಲಿಗೆ ಹಣ ಕೊಡುವುದು ವ್ಯರ್ಥ.
5. ಕೊನೆಯ ಪುಟದ ಒಟ್ಟು ಮೊತ್ತಗಳನ್ನೇ ಹೋಲಿಸಬೇಕು.
6. ಜಿ.ಎಸ್.ಟಿ. ಸಂಖ್ಯೆಯನ್ನು ಕಾಯ್ದಿರಿಸುವಾಗಲೇ ಕೊಟ್ಟು, ಟಿಕೆಟ್ ಮತ್ತು ಆಸನ ಎರಡರ ಬಿಲ್ಲನ್ನೂ ಪಡೆಯಬೇಕು.

ಕ್ವಿಂಟಾಲಿಗೆ ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೂ ಗಂಟೆಗಟ್ಟಲೆ ಚೌಕಾಸಿ ಮಾಡುವ ವರ್ತಕರು, ಪರದೆಯ ಮೇಲೆ ನಾಲ್ಕು ನೂರು ರೂಪಾಯಿಯನ್ನು ಕ್ಷಣಮಾತ್ರದಲ್ಲಿ ಒತ್ತಿಬಿಡುವುದು ಸರಿಯಲ್ಲ. ಹಾಗೆಯೇ ಆ ನಾಲ್ಕು ನೂರನ್ನು ಉಳಿಸಲು ಹೋಗಿ ಮನೆಯ ಹಿರಿಯರನ್ನು ಇಬ್ಬರು ಅಪರಿಚಿತರ ನಡುವೆ ಮೂರು ಗಂಟೆ ಕೂರಿಸುವುದೂ ಜಾಣತನವಲ್ಲ. ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಧಾರಾಳವಾಗಿರಬೇಕು ಎಂಬ ವಿವೇಚನೆಯೇ ವ್ಯಾಪಾರದ ಮೂಲ ಬಂಡವಾಳ. ಅದನ್ನು ವಿಮಾನದ ಆಸನಕ್ಕೂ ಅನ್ವಯಿಸಿದಲ್ಲಿ ಹಣವೂ ಉಳಿಯುತ್ತದೆ, ಪ್ರಯಾಣವೂ ಸುಖಕರವಾಗುತ್ತದೆ.